ಸೂಜಿಯ ಭಯ, ಸಕ್ಕರೆಯ ಅಪಾಯ: ಗರ್ಭಿಣಿಯೊಬ್ಬರ ಇನ್ಸುಲಿನ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ, ಇದು ಚೊಚ್ಚಲ ಬಸಿರು, ಈಗ 29 ವಾರ ತುಂಬಿದೆ. 25ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ಶುಗರ್ 172 ಬಂತು. ನಮ್ಮ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ಎರಡು ವಾರ ಪಥ್ಯ ಮಾಡಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 104, ಊಟವಾಗಿ ಎರಡು ಗಂಟೆಗೆ 150ರ ಮೇಲೆ ಬರುತ್ತಿದ್ದುದರಿಂದ ವೈದ್ಯರು 30/70 ಇನ್ಸುಲಿನ್ ಬರೆದರು: ಬೆಳಿಗ್ಗೆ 10 ಯುನಿಟ್, ರಾತ್ರಿ 6. ತೊಡೆಗೆ ಚುಚ್ಚಿಕೊಳ್ಳುತ್ತಿದ್ದೇನೆ. ತುಂಬಾ ಉರಿ, ನೀಲಿ ಕಲೆಗಳು, ಒಂದೆರಡು ಕಡೆ ಗಂಟಿನ ಹಾಗಿದೆ. ಹೊಟ್ಟೆಗೆ ಚುಚ್ಚಿಕೊಳ್ಳಬಹುದು ಎಂದು ನರ್ಸ್ ಹೇಳಿದರು, ಆದರೆ ಸೂಜಿ ಮಗುವಿಗೆ ತಗಲುತ್ತದೆ ಎಂದು ಅತ್ತೆ ಬಿಡುತ್ತಿಲ್ಲ. ಮೊದಲ ವಾರ ಶುಗರ್ ಹತೋಟಿಗೆ ಬಂದಿತ್ತು, ಐದು ದಿನಗಳಿಂದ ಮತ್ತೆ ಏರಿದೆ. ಊಟದಲ್ಲಿ ಏನೂ ಬದಲಾಗಿಲ್ಲ; ಸಿರಿಂಜು ಮಾತ್ರ ಮುಗಿದಿತ್ತೆಂದು ಮೆಡಿಕಲ್ ಶಾಪಿನಿಂದ ಬೇರೆ ತಂದೆವು, ಇದರ ಮುಚ್ಚಳ ಕಿತ್ತಳೆ ಬಣ್ಣದ್ದು. ಮಾತ್ರೆಯಲ್ಲೇ ಆಗುವುದಿಲ್ಲವೇ? ಒಮ್ಮೆ ಶುರು ಮಾಡಿದರೆ ಜೀವನವಿಡೀ ತೆಗೆದುಕೊಳ್ಳಬೇಕಂತೆ, ನಿಜವೇ? ಮುಂದಿನ ತಿಂಗಳು ಸೀಮಂತ ಮುಗಿಸಿ ತವರಿಗೆ ಹೋಗುತ್ತೇನೆ, ಅಲ್ಲಿ ಫ್ರಿಜ್ ಇಲ್ಲ.
— ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ನೀವು ಹೋಗುತ್ತ ಹೋಗುತ್ತ ಹೇಳಿರುವ ಒಂದು ಮಾತು ಉಳಿದೆಲ್ಲ ಪ್ರಶ್ನೆಗಳಿಗಿಂತ ತುರ್ತಿನದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಅದು ಸಿರಿಂಜಿನ ಮುಚ್ಚಳದ ಬಣ್ಣ.

ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಯು-40, ಎಂದರೆ ಒಂದು ಮಿಲಿಲೀಟರಿನಲ್ಲಿ 40 ಯುನಿಟ್ ಇರುವಂಥದ್ದು. ಅದಕ್ಕೆ ಹೊಂದುವ ಸಿರಿಂಜಿನ ಮುಚ್ಚಳ ಕೆಂಪು. ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು ಯು-100 ಇನ್ಸುಲಿನ್‌ಗಾಗಿ, ಎಂದರೆ ಒಂದು ಮಿಲಿಲೀಟರಿನಲ್ಲಿ 100 ಯುನಿಟ್ ಇರುವ ಗಾಢ ಔಷಧಕ್ಕಾಗಿ ಗೆರೆ ಹಾಕಿದ್ದು. ನಿಮ್ಮ ಬಾಟಲಿ ಯು-40 ಆಗಿದ್ದು, ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದುಕೊಂಡರೆ ನಿಮ್ಮ ಮೈಗೆ ಹೋಗುವುದು 10 ಯುನಿಟ್ ಅಲ್ಲ, ಕೇವಲ 4. ರಾತ್ರಿಯ 6ರ ಬದಲು ಎರಡೂವರೆಗಿಂತಲೂ ಕಡಿಮೆ. ಐದು ದಿನಗಳಿಂದ ಸಕ್ಕರೆ ಏರಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು. ಬಾಟಲಿಯ ಮೇಲಿನ ಚೀಟಿಯನ್ನು ಓದಿ, 40 ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜನ್ನೇ ಕೇಳಿ ತನ್ನಿ.

ಇಲ್ಲಿ ಇನ್ನೊಂದು ಅಪಾಯವಿದೆ, ಅದು ಮೊದಲಿನದಕ್ಕಿಂತ ದೊಡ್ಡದು. ಈ ಐದು ದಿನಗಳ ಏರಿದ ಅಂಕಿಗಳನ್ನಷ್ಟೇ ನೋಡಿ ನಿಮ್ಮ ವೈದ್ಯರು ಪ್ರಮಾಣವನ್ನು ಹೆಚ್ಚಿಸಿದರೆ, ಆಮೇಲೆ ನೀವು ಸರಿಯಾದ ಸಿರಿಂಜಿಗೆ ಮರಳಿದ ದಿನ ಒಮ್ಮೆಲೇ ಹಲವು ಪಟ್ಟು ಔಷಧ ಒಳಗೆ ಹೋಗಿ ಸಕ್ಕರೆ ವಿಪರೀತ ಇಳಿಯಬಹುದು. ಆದ್ದರಿಂದ ಅಂಕಿಗಳ ಜೊತೆಗೆ ಎರಡೂ ಸಿರಿಂಜುಗಳನ್ನು ಮತ್ತು ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ. ಇದು ನಿಮ್ಮ ತಪ್ಪಲ್ಲ. ಸಿರಿಂಜು ಕೊಡುವಾಗ ‘ಬಾಟಲಿ ಯಾವುದು’ ಎಂದು ಕೇಳಬೇಕಾದವರು ಕೇಳಲಿಲ್ಲ, ಅಷ್ಟೆ. ಈ ಗೊಂದಲವನ್ನು ನಾನು ವರ್ಷಕ್ಕೆ ಹಲವು ಬಾರಿ ನೋಡುತ್ತೇನೆ, ಓದು ಬಲ್ಲ ಮನೆಗಳಲ್ಲೂ.

ಈಗ ನಿಮ್ಮ ಅತ್ತೆಯವರ ಆತಂಕಕ್ಕೆ ಬರೋಣ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಸಿರಿನ ಹೊಟ್ಟೆಯ ಹತ್ತಿರ ಸೂಜಿ ತರುವುದನ್ನು ಕಂಡರೆ ಹಿರಿಯರಿಗೆ ಎದೆ ಝಲ್ಲೆನ್ನುವುದು ಸಹಜ. ಅವರಿಗೆ ಅಳತೆಯನ್ನು ತೋರಿಸಬೇಕು. ಇನ್ಸುಲಿನ್ ಸಿರಿಂಜಿನ ಸೂಜಿಯ ಉದ್ದ 6 ಅಥವಾ 8 ಮಿಲಿಮೀಟರ್, ಇನ್ಸುಲಿನ್ ಪೆನ್ನಿನ (ಔಷಧ ತುಂಬಿದ, ಪೆನ್ನಿನಂತಿರುವ ಚುಚ್ಚುವ ಸಾಧನದ) ಸೂಜಿಯದು 4 ಮಿಲಿಮೀಟರಿನಷ್ಟು ಕಿರಿದು. ಚರ್ಮದ ದಪ್ಪವೇ ಸುಮಾರು 2 ಮಿಲಿಮೀಟರ್; ಅದರ ಕೆಳಗೆ ಕೊಬ್ಬಿನ ಪದರ, ಅದರ ಕೆಳಗೆ ಸ್ನಾಯು, ಆಮೇಲೆ ಗರ್ಭಕೋಶದ ದಪ್ಪ ಗೋಡೆ, ಅದರೊಳಗೆ ಪೊರೆಗಳು ಮತ್ತು ಗರ್ಭಜಲ, ಅದರಲ್ಲಿ ತೇಲುವ ಮಗು. ಇನ್ಸುಲಿನ್ ಕೊಡಬೇಕಾದದ್ದು ಕೊಬ್ಬಿನ ಪದರದಲ್ಲಿ, ಸೂಜಿಯ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ. ಅತ್ತೆಯವರನ್ನು ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸ್ಕೇಲಿನ ಪಕ್ಕದಲ್ಲಿ ಸೂಜಿಯನ್ನು ಹಿಡಿದು ತೋರಿಸಲು ನರ್ಸ್‌ಗೆ ಹೇಳಿ. ನನ್ನ ಕೋಣೆಯಲ್ಲಿ ಹತ್ತು ನಿಮಿಷದ ವಿವರಣೆ ಮಾಡದ ಕೆಲಸವನ್ನು ಆ ಒಂದು ನೋಟ ಮಾಡಿದ್ದನ್ನು ಕಂಡಿದ್ದೇನೆ.

ಸೂಜಿ ಮುಟ್ಟದಿದ್ದರೂ ಔಷಧ ಮಗುವನ್ನು ಮುಟ್ಟುತ್ತದಲ್ಲ ಎಂಬುದು ಮುಂದಿನ ಸಂಶಯವಾಗಿರುತ್ತದೆ. ಇನ್ಸುಲಿನ್ ಗಾತ್ರದಲ್ಲಿ ದೊಡ್ಡದಾದ ಪ್ರೋಟೀನ್ ಅಣು. ತಾಯಿಯ ರಕ್ತದಿಂದ ಮಾಸನ್ನು (ಗರ್ಭಕೋಶದಲ್ಲಿ ಮಗುವಿಗೆ ಪೋಷಣೆ ಸಾಗಿಸುವ ಅಂಗ, ಪ್ಲಾಸೆಂಟಾ) ದಾಟಿ ಗಣನೀಯ ಪ್ರಮಾಣದಲ್ಲಿ ಮಗುವಿನತ್ತ ಹೋಗುವುದಿಲ್ಲ. ಆದರೆ ಸಕ್ಕರೆ ಸಣ್ಣ ಅಣು, ಅದು ಸಲೀಸಾಗಿ ದಾಟುತ್ತದೆ. ನಿಮ್ಮ ರಕ್ತದಲ್ಲಿ ಸಕ್ಕರೆ ಹೆಚ್ಚಾದಷ್ಟೂ ಮಗುವಿನ ರಕ್ತದಲ್ಲೂ ಹೆಚ್ಚುತ್ತದೆ, ಅದನ್ನು ನಿಭಾಯಿಸಲು ಮಗುವಿನ ಮೇದೋಜೀರಕ ಗ್ರಂಥಿ ತಾನೇ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಆ ಇನ್ಸುಲಿನ್ ಮಗುವಿನ ಮೈಯಲ್ಲಿ ಕೊಬ್ಬನ್ನು ಕೂಡಿಹಾಕುತ್ತದೆ. ಮಗು ತೀರ ದಪ್ಪವಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವುದು, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ಸಕ್ಕರೆ ಕುಸಿಯುವುದು, ಕಾಮಾಲೆ ಹೆಚ್ಚುವುದು, ಗರ್ಭಜಲ ಅತಿಯಾಗುವುದು, ತಾಯಿಗೆ ರಕ್ತದೊತ್ತಡ ಏರುವುದು, ಅಪರೂಪಕ್ಕೆ ಕೊನೆಯ ವಾರಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು, ಇವೆಲ್ಲ ಹತೋಟಿ ತಪ್ಪಿದ ಸಕ್ಕರೆಯ ಪರಿಣಾಮಗಳು. ಹೆದರಿಸಲು ಹೇಳುತ್ತಿಲ್ಲ, ಮನೆಯವರ ಭಯ ಎತ್ತ ತಿರುಗಬೇಕೋ ಅತ್ತ ತಿರುಗಲಿ ಎಂದು ಹೇಳುತ್ತಿದ್ದೇನೆ. ಮಗುವನ್ನು ಕಾಪಾಡಬೇಕಾಗಿರುವುದು ಸಕ್ಕರೆಯಿಂದ, ಸೂಜಿಯಿಂದಲ್ಲ.

‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂದಿದ್ದೀರಿ. ಗರ್ಭಕಾಲದಲ್ಲಿ ಮಾಸು ಉತ್ಪಾದಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತವೆ, ತಾಯಿಯ ರಕ್ತದ ಪೋಷಣೆ ಮಗುವಿಗೆ ಹೆಚ್ಚು ಸಿಗಲಿ ಎಂಬ ದೇಹದ ಏರ್ಪಾಡು ಅದು. ಬಹುತೇಕ ಮಹಿಳೆಯರ ಮೇದೋಜೀರಕ ಗ್ರಂಥಿ ಹೆಚ್ಚು ದುಡಿದು ಸರಿದೂಗಿಸುತ್ತದೆ, ಕೆಲವರದು ಸರಿದೂಗಿಸಲಾರದು. ಮನೆತನದಲ್ಲಿ ಇದ್ದರೆ ಸಾಧ್ಯತೆ ಹೆಚ್ಚು ಎಂಬುದು ನಿಜ, ಆದರೆ ಇಲ್ಲದವರಿಗೂ ಬರುತ್ತದೆ. ಇದು ಇತ್ತೀಚಿನ ಪಟ್ಟಣದ ಕಾಯಿಲೆಯೂ ಅಲ್ಲ: 1997–98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದ ಪಾರ್ಥೆನಾನ್ ಅಧ್ಯಯನದಲ್ಲೇ ಶೇ 6ರಷ್ಟು ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಕಂಡಿತ್ತು. ಆದ್ದರಿಂದಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಎಲ್ಲ ಗರ್ಭಿಣಿಯರಿಗೂ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28 ವಾರದೊಳಗೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಮಾಡಬೇಕೆನ್ನುತ್ತದೆ. ಎರಡು ಗಂಟೆಯ ಅಂಕಿ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಎಂದರ್ಥ. ನಿಮ್ಮ 172 ಅದಕ್ಕಿಂತ ಸಾಕಷ್ಟು ಮೇಲಿತ್ತು. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕೆಂಬುದು ನಾವು ಇಟ್ಟುಕೊಳ್ಳುವ ಗುರಿ. ಪಥ್ಯಕ್ಕೆ ಎರಡು ವಾರ ಕಾಲ ಕೊಟ್ಟು, ಅದು ಸಾಲದಿದ್ದಾಗ ನಿಮ್ಮ ವೈದ್ಯರು ಇನ್ಸುಲಿನ್ ಬರೆದದ್ದು ಸರಿಯಾದ ಕ್ರಮವೇ.

ಇನ್ನು ನೋವು. ಎಚ್ಚರಿಕೆಯಿಂದ ಚುಚ್ಚಿಕೊಂಡರೆ ಇನ್ಸುಲಿನ್ ಸೂಜಿ ಬೆರಳ ತುದಿಯ ಸ್ಟ್ರಿಪ್ ಪರೀಕ್ಷೆಗಿಂತಲೂ ಕಡಿಮೆ ನೋಯುತ್ತದೆ ಎಂದು ನನ್ನ ಬಳಿ ಬರುವ ಬಹುತೇಕ ತಾಯಂದಿರು ಹೇಳುತ್ತಾರೆ. ನಿಮಗೆ ‘ತುಂಬಾ ಉರಿ’ ಎನಿಸುತ್ತಿದ್ದರೆ ಎಲ್ಲೋ ಸರಿಪಡಿಸಬಹುದಾದ ಕಾರಣವಿದೆ ಎಂದೇ ನಾನು ಭಾವಿಸುತ್ತೇನೆ.

ಉರಿಗೆ ಸಾಮಾನ್ಯ ಕಾರಣ ಎರಡು. ಫ್ರಿಜ್‌ನಿಂದ ತೆಗೆದ ತಣ್ಣನೆಯ ಔಷಧವನ್ನು ಹಾಗೆಯೇ ಚುಚ್ಚಿಕೊಳ್ಳುವುದು ಒಂದು; ಬಳಕೆಯಲ್ಲಿರುವ ಬಾಟಲಿಯನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಸ್ಪಿರಿಟ್ ಹಚ್ಚಿ ಅದು ಒಣಗುವ ಮೊದಲೇ ಚುಚ್ಚುವುದು ಇನ್ನೊಂದು. ಹಸಿ ಸ್ಪಿರಿಟ್ ಸೂಜಿಯ ಜೊತೆ ಒಳಗೆ ಹೋಗಿ ಉರಿಸುತ್ತದೆ. ಸ್ನಾನ ಮಾಡಿದ ಶುಭ್ರ ಚರ್ಮಕ್ಕೆ ಮನೆಯಲ್ಲಿ ಸ್ಪಿರಿಟ್ ಬೇಕೆಂದೇ ಇಲ್ಲ, ಸೋಪು ನೀರಿನಲ್ಲಿ ಕೈ ತೊಳೆದುಕೊಂಡರೆ ಸಾಕು. ಮೂರನೆಯ ಕಾರಣವೊಂದಿದೆ, ಅದನ್ನು ಕೇಳಲು ಸಂಕೋಚವಾದರೂ ನಾನು ಎಲ್ಲರನ್ನೂ ಕೇಳುತ್ತೇನೆ: ಒಂದೇ ಸಿರಿಂಜನ್ನು ಎಷ್ಟು ದಿನ ಬಳಸುತ್ತೀರಿ? ಕೂದಲೆಳೆಯಷ್ಟು ಸಣ್ಣ ಸೂಜಿಯ ಮೊನೆ ಒಂದೆರಡು ಬಳಕೆಯಲ್ಲೇ ಮೊಂಡಾಗುತ್ತದೆ, ಅದರ ಮೇಲಿನ ಜಾರುವ ಲೇಪ ಹೋಗುತ್ತದೆ, ಆಮೇಲೆ ಅದು ಚುಚ್ಚುವ ಬದಲು ಹರಿಯುತ್ತದೆ. ಪ್ರತಿ ಸಲ ಹೊಸದು ಎಂಬುದೇ ನಿಯಮ. ಇಡೀ ಚಿಕಿತ್ಸೆಯಲ್ಲಿ ಸಿರಿಂಜಿಗೆ ತಗಲುವುದು ಸಣ್ಣ ಖರ್ಚು, ಉಳಿತಾಯ ಅಲ್ಲಿ ಬೇಡ.

ಚುಚ್ಚುವ ಕ್ರಮವನ್ನು ನಿಧಾನವಾಗಿ ಹೇಳುತ್ತೇನೆ, ಮನೆಯವರೊಬ್ಬರು ಗಟ್ಟಿಯಾಗಿ ಓದಿದರೆ ನೀವು ಮಾಡಿಕೊಳ್ಳುತ್ತ ಹೋಗಬಹುದು. ನಿಮ್ಮದು ಹಾಲಿನಂತೆ ಮಸುಕಾದ 30/70 ಮಿಶ್ರಣ, ಎಂದರೆ ಬೇಗ ಕೆಲಸ ಮಾಡುವ ಇನ್ಸುಲಿನ್ 30 ಭಾಗ, ನಿಧಾನವಾಗಿ ಕೆಲಸ ಮಾಡುವುದು 70 ಭಾಗ ಬೆರೆತದ್ದು. ತಳದಲ್ಲಿ ಕೂತದ್ದು ಬೆರೆಯಲು ಬಾಟಲಿಯನ್ನು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಆದರೆ ಕುಲುಕಬೇಡಿ. ಬೆರೆಸಿದ ಮೇಲೂ ಚೂರು ಚೂರಾಗಿ ಕಂಡರೆ ಆ ಬಾಟಲಿ ಕೆಟ್ಟಿದೆ. ಎಷ್ಟು ಯುನಿಟ್ ಬೇಕೋ ಅಷ್ಟು ಗಾಳಿಯನ್ನು ಮೊದಲು ಬಾಟಲಿಗೆ ತುಂಬಿ, ಆಮೇಲೆ ಔಷಧ ಎಳೆದುಕೊಂಡು, ಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ಹೊರಹಾಕಿ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಹಗುರವಾಗಿ ಎತ್ತಿ ಹಿಡಿಯಿರಿ. ಐದೂ ಬೆರಳಿನಿಂದ ಬಾಚಿ ಹಿಡಿದರೆ ಸ್ನಾಯುವೂ ಮೇಲೆ ಬರುತ್ತದೆ, ಸ್ನಾಯುವಿಗೆ ಹೋದ ಸೂಜಿ ನೋಯುವುದಷ್ಟೇ ಅಲ್ಲ, ಔಷಧವನ್ನು ಬೇಗ ಹೀರಿಸಿ ಸಕ್ಕರೆಯನ್ನು ತಟ್ಟನೆ ಇಳಿಸಬಹುದು. ಹೆದರಿ ಹೆದರಿ ಒತ್ತಬೇಡಿ, ಒಂದೇ ಸಲಕ್ಕೆ ಚುರುಕಾಗಿ ಚುಚ್ಚಿ, ಔಷಧವನ್ನು ಮಾತ್ರ ನಿಧಾನವಾಗಿ ತಳ್ಳಿ, ಹತ್ತು ಎಣಿಸಿ ಸೂಜಿ ಹೊರತೆಗೆಯಿರಿ, ಆಮೇಲೆ ಚರ್ಮ ಬಿಡಿ. ತಿಕ್ಕಬೇಡಿ, ತಿಕ್ಕುವುದರಿಂದಲೇ ಎಷ್ಟೋ ನೀಲಿ ಕಲೆಗಳಾಗುತ್ತವೆ.

ಈಗಾಗಲೇ ಆಗಿರುವ ಕಲೆಗಳಿಗೆ ಚಿಂತಿಸಬೇಡಿ. ಸೂಜಿ ಸಣ್ಣ ರಕ್ತನಾಳಕ್ಕೆ ತಗಲಿ ತುಸು ರಕ್ತ ಚರ್ಮದಡಿ ನಿಂತರೆ ನೀಲಿಯಾಗುತ್ತದೆ, ಅದೇ ಗಂಟಿನಂತೆಯೂ ತೋರುತ್ತದೆ. ಎರಡು ವಾರದಲ್ಲಿ ಕಂಡ ಗಂಟು ಬಹುಶಃ ಇದೇ, ತಾನಾಗಿ ಕರಗುತ್ತದೆ. ಕೆಂಪಾಗಿ ಬಿಸಿಯಾಗಿದ್ದರೆ ಅಥವಾ ಕೀವು ಕಂಡರೆ ಮಾತ್ರ ತಡಮಾಡದೆ ತೋರಿಸಿ. ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಚುಚ್ಚಿದಾಗ ಬೆಳೆಯುವ ಕೊಬ್ಬಿನ ಗಂಟು ಬೇರೆಯೇ. ಅದು ನೋಯುವುದಿಲ್ಲ, ಅದಕ್ಕೇ ಜನ ಅಲ್ಲೇ ಚುಚ್ಚುತ್ತಾರೆ, ಆದರೆ ಅಲ್ಲಿಂದ ಔಷಧ ಒಂದು ದಿನ ಹೀರಿದರೆ ಇನ್ನೊಂದು ದಿನ ಹೀರುವುದಿಲ್ಲ. ಇದನ್ನು ತಪ್ಪಿಸಲು ಒಂದು ಚುಚ್ಚಿನಿಂದ ಇನ್ನೊಂದಕ್ಕೆ ಕನಿಷ್ಠ ಒಂದು ಬೆರಳಿನ ಅಂತರ ಕೊಟ್ಟು, ಎಡ ಬಲ ಬದಲಿಸುತ್ತ ಹೋಗಿ.

ಯಾವ ಜಾಗ ಒಳ್ಳೆಯದು? ನಿಮ್ಮ ಮಿಶ್ರಣಕ್ಕೆ ಬೆಳಿಗ್ಗೆ ಹೊಟ್ಟೆ, ರಾತ್ರಿ ತೊಡೆ ಎಂಬುದು ನನ್ನ ಸಲಹೆ. ಹೊಟ್ಟೆಯಿಂದ ಔಷಧ ಬೇಗ ಹೀರುವುದರಿಂದ ತಿಂಡಿಯ ನಂತರದ ಏರಿಕೆಯನ್ನು ಹಿಡಿಯುತ್ತದೆ, ತೊಡೆಯಿಂದ ನಿಧಾನ ಹೀರುವುದರಿಂದ ನಡುರಾತ್ರಿ ಸಕ್ಕರೆ ಇಳಿಯುವ ಭಯ ಕಡಿಮೆ. ಈ ಹಂತದಲ್ಲಿ ಹೊಕ್ಕುಳಿನ ಸುತ್ತ, ಚರ್ಮ ಬಿಗಿಯಾಗಿ ಹಿಗ್ಗಿರುವ ಕಡೆ ಬೇಡ. ಹೊಟ್ಟೆಯ ಎರಡು ಪಕ್ಕಗಳಲ್ಲಿ, ಚರ್ಮ ಇನ್ನೂ ಎತ್ತಲು ಸಿಗುವ ಕಡೆ ಚುಚ್ಚಿ. ಇಷ್ಟೆಲ್ಲ ಹೇಳಿದ ಮೇಲೂ ಮನೆಯಲ್ಲಿ ನೆಮ್ಮದಿ ಇಲ್ಲವೆಂದರೆ ಹೊಟ್ಟೆಯನ್ನು ಬಿಟ್ಟುಬಿಡಿ. ತೊಡೆಯ ಮುಂಭಾಗ ಮತ್ತು ಹೊರಭಾಗ, ಪೃಷ್ಠದ ಮೇಲ್ಭಾಗ ಸಾಕು, ಅದರಿಂದ ಚಿಕಿತ್ಸೆಗೆ ದೊಡ್ಡ ಕೊರತೆಯಾಗುವುದಿಲ್ಲ. ಜಗಳವಾಡಿ ಹೊಟ್ಟೆಗೆ ಚುಚ್ಚಿಕೊಳ್ಳುವುದಕ್ಕಿಂತ ನೆಮ್ಮದಿಯಿಂದ ತೊಡೆಗೆ ಚುಚ್ಚಿಕೊಂಡು ಒಂದು ಹೊತ್ತೂ ತಪ್ಪಿಸದಿರುವುದು ಮಗುವಿಗೆ ಹೆಚ್ಚು ಒಳ್ಳೆಯದು. ಯಾವುದನ್ನೇ ಆರಿಸಿದರೂ ಆಯಾ ಹೊತ್ತಿಗೆ ಆಯಾ ಜಾಗವೇ ಇರಲಿ, ಬದಲಿಸುವುದಾದರೆ ವೈದ್ಯರಿಗೆ ತಿಳಿಸಿ.

ಪೆನ್ ಬಗ್ಗೆ ನೀವು ಕೇಳಿಲ್ಲ, ಆದರೂ ಕೊಳ್ಳಲು ಅನುಕೂಲವಿದ್ದರೆ ಯೋಚಿಸಿ. ಸೂಜಿ ಗಿಡ್ಡ, ಗೆರೆ ಎಣಿಸುವ ತೊಂದರೆ ಇಲ್ಲ, ಹೊರಗೆ ಹೋದಾಗ ಸುಲಭ. ಖರ್ಚು ಹೆಚ್ಚು. ಒಂದೇ ಎಚ್ಚರಿಕೆ: ಪೆನ್ನಿನ ಔಷಧ ಯು-100. ಪೆನ್ ಕೆಟ್ಟಿತೆಂದು ಅದರೊಳಗಿನ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ 10ರ ಗೆರೆಯಲ್ಲಿ 25 ಯುನಿಟ್ ಬರುತ್ತದೆ. ಎಂದಿಗೂ ಹಾಗೆ ಮಾಡಬಾರದು.

ಮಾತ್ರೆಯ ವಿಷಯ. ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡುವುದುಂಟು, ಕೊಡಬಾರದ ವಿಷವೇನೂ ಅಲ್ಲ. ಆದರೆ ‘ಮಾತ್ರೆ ಸೌಮ್ಯ, ಸೂಜಿ ಉಗ್ರ’ ಎಂಬ ನಂಬಿಕೆ ಇಲ್ಲಿ ತಿರುವುಮುರುವು: ಇನ್ಸುಲಿನ್ ಮಾಸನ್ನು ದಾಟುವುದಿಲ್ಲ, ಮೆಟ್‌ಫಾರ್ಮಿನ್ ದಾಟುತ್ತದೆ. ಅದರಿಂದ ಅಂಗವೈಕಲ್ಯ ಹೆಚ್ಚುವುದು ಕಂಡುಬಂದಿಲ್ಲವಾದರೂ, ಆ ಮಕ್ಕಳು ದೊಡ್ಡವರಾದ ಮೇಲಿನ ತೂಕ ಮತ್ತು ಆರೋಗ್ಯವನ್ನು ಇನ್ನೂ ಗಮನಿಸುತ್ತಲೇ ಇದ್ದಾರೆ. ಮೇಲಾಗಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮೆಟ್‌ಫಾರ್ಮಿನ್ ಪಡೆದವರ ಪೈಕಿ ಶೇ 46ರಷ್ಟು ತಾಯಂದಿರಿಗೆ ಕೊನೆಗೆ ಇನ್ಸುಲಿನ್ ಸೇರಿಸಲೇಬೇಕಾಯಿತು. ಖಾಲಿ ಹೊಟ್ಟೆಯ ಸಕ್ಕರೆಯೇ ಏರಿರುವ ನಿಮ್ಮಂಥವರಿಗೆ ನಾನಾಗಿದ್ದರೂ ಇನ್ಸುಲಿನ್ನನ್ನೇ ಬರೆಯುತ್ತಿದ್ದೆ. ಸೂಜಿಯನ್ನು ಯಾವ ರೀತಿಯಲ್ಲೂ ಒಪ್ಪಲಾಗದವರಿಗೆ, ಏನನ್ನೂ ತೆಗೆದುಕೊಳ್ಳದೆ ಇರುವುದಕ್ಕಿಂತ ಮಾತ್ರೆ ಎಷ್ಟೋ ಮೇಲು. ಅದನ್ನು ನಿಮ್ಮ ವೈದ್ಯರ ಜೊತೆ ಕೂತು ನಿರ್ಧರಿಸಿ.

ಇನ್ಸುಲಿನ್‌ನ ನಿಜವಾದ ಅಪಾಯವೆಂದರೆ ಸಕ್ಕರೆ ಅತಿಯಾಗಿ ಇಳಿಯುವುದು. ನಡುಕ, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ತಡೆಯಲಾಗದ ಹಸಿವು, ಕಣ್ಣು ಮಂಜಾಗುವುದು ಅದರ ಲಕ್ಷಣಗಳು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ, ಅಥವಾ ಪರೀಕ್ಷಿಸಲು ಆಗದಿದ್ದರೂ ಲಕ್ಷಣಗಳಿದ್ದರೆ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ತಕ್ಷಣ ಕುಡಿಯಿರಿ. ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಮತ್ತೆ ಕುಡಿಯಿರಿ, ಏರಿದ ಮೇಲೆ ಏನಾದರೂ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯವರಿಗೆ ಹೇಳಿಟ್ಟಿರಿ.

ಇಲ್ಲಿ ಸೀಮಂತದ ಮಾತು ಬರುತ್ತದೆ. 30/70 ಇನ್ಸುಲಿನ್ ಚುಚ್ಚಿಕೊಂಡ ಅರ್ಧ ಗಂಟೆಗೆ ಊಟ ಎದುರಿಗಿರಬೇಕು. ಶಾಸ್ತ್ರದ ದಿನ ನೆಂಟರು ಬರುವುದು, ಆರತಿ ನಡೆಯುವುದು, ಎಲೆ ಹಾಕುವುದು ಎಲ್ಲ ತಡವಾಗುತ್ತದೆ. ಆ ದಿನ ತಿಂಡಿ ಕಣ್ಣಿಗೆ ಕಂಡ ಮೇಲೆಯೇ ಸೂಜಿ ಹಿಡಿಯಿರಿ, ತಿಂಡಿ ತಿಂದೇ ಹಸೆಗೆ ಕೂರಿ. ಮಧ್ಯಾಹ್ನ ತಡವಾಗುವುದಿದ್ದರೆ ನಡುವೆ ಒಂದಿಷ್ಟು ಮಜ್ಜಿಗೆ, ಬೇಯಿಸಿದ ಕಾಳು ತಿನ್ನುತ್ತಿರಿ. ಇನ್ಸುಲಿನ್ ತೆಗೆದುಕೊಳ್ಳುತ್ತಿರುವಾಗ ಉಪವಾಸ ಬೇಡವೇ ಬೇಡ.

ತವರಿನಲ್ಲಿ ಫ್ರಿಜ್ ಇಲ್ಲವೆಂಬುದು ದೊಡ್ಡ ತೊಡಕಲ್ಲ. ಬಳಕೆಗೆ ತೆರೆದ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಿರಿ. ಬೇಸಿಗೆಯಾದರೆ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಚಿಮುಕಿಸುತ್ತಿದ್ದರೆ ಒಳಗೆ ತಂಪಾಗಿರುತ್ತದೆ. ಔಷಧವನ್ನು ಒದ್ದೆಯಾಗದಂತೆ ಮುಚ್ಚಳದ ಡಬ್ಬಿಯಲ್ಲಿಡಿ. ತೆರೆಯದ ಬಾಟಲಿಗಳನ್ನು ಫ್ರಿಜ್ ಇರುವ ನೆರೆಮನೆಯಲ್ಲಿಟ್ಟರೆ ಐಸ್ ಕಟ್ಟುವ ಅರೆಯಲ್ಲಿ ಇಡಬಾರದೆಂದು ಹೇಳಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬರುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಕೈಚೀಲದಲ್ಲೇ ಇರಲಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆರೋಗ್ಯ ಕೇಂದ್ರಕ್ಕೆ ಕೊಡಿ. ಮುಖ್ಯವಾಗಿ, ತಾಯಿ ಕಾರ್ಡ್ ಮತ್ತು ಸಕ್ಕರೆಯ ಅಂಕಿಗಳ ಪುಸ್ತಕದೊಡನೆ, ಅಲ್ಲಿ ಹೆರಿಗೆಯಾಗಲಿರುವ ಆಸ್ಪತ್ರೆಗೆ ತಲುಪಿದ ವಾರವೇ ಹೋಗಿ ಬನ್ನಿ.

ಮುಂದಿನ ವಾರಗಳಲ್ಲಿ ನಿಮ್ಮ ಪ್ರಮಾಣ ಏರುತ್ತ ಹೋಗಬಹುದು, ಅದು ಕಾಯಿಲೆ ಬಿಗಡಾಯಿಸಿದ ಲಕ್ಷಣವಲ್ಲ. ಮಾಸು ಬೆಳೆದಂತೆ ಅದರ ಹಾರ್ಮೋನುಗಳೂ ಹೆಚ್ಚುತ್ತವೆ. ಇದಕ್ಕೆ ವಿರುದ್ಧವಾಗಿ, ಊಟ ಎಂದಿನಂತೆ ಇದ್ದೂ ಸಕ್ಕರೆ ಪದೇ ಪದೇ ಇಳಿಯತೊಡಗಿದರೆ ‘ವಾಸಿಯಾಯಿತು’ ಎಂದು ಸಂತೋಷಪಡದೆ ಅಂದೇ ವೈದ್ಯರನ್ನು ಕಾಣಿ, ಮಾಸು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಮಗುವಿನ ಚಲನೆ ಕಡಿಮೆಯಾದರೂ ಹಾಗೆಯೇ, ಬೆಳಗಾಗಲಿ ಎಂದು ಕಾಯಬೇಡಿ.

ಜೀವನವಿಡೀ ತೆಗೆದುಕೊಳ್ಳಬೇಕೇ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಇನ್ಸುಲಿನ್‌ಗೆ ಅಡ್ಡಿ ಮಾಡುತ್ತಿದ್ದ ಮಾಸು ಹೆರಿಗೆಯಲ್ಲಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಇನ್ಸುಲಿನ್‌ನ ಅಗತ್ಯ ಸರ್ರನೆ ಇಳಿಯುತ್ತದೆ. ಗರ್ಭಕಾಲದಲ್ಲೇ ಮಧುಮೇಹ ಬಂದ ಬಹುತೇಕ ತಾಯಂದಿರಿಗೆ ಅಂದೇ ಸೂಜಿ ನಿಲ್ಲುತ್ತದೆ. ಆದರೆ ಇಂಥ ತಾಯಂದಿರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು, ಅದಕ್ಕೆ ಕಾರಣ ತೆಗೆದುಕೊಂಡ ಇನ್ಸುಲಿನ್ ಅಲ್ಲ, ಮೈಯ ಸ್ವಭಾವ. ಆದ್ದರಿಂದ ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು. ಬಾಣಂತಿ ಹೊರಗೆ ಹೋಗಬಾರದೆಂದು ಈ ಪರೀಕ್ಷೆಯನ್ನು ಬಿಟ್ಟವರೇ ಹೆಚ್ಚು. ಮಗುವಿಗೂ ಆರು ವಾರಕ್ಕೆ ಲಸಿಕೆ ಹಾಕಿಸಲು ಹೋಗಲೇಬೇಕಲ್ಲವೇ? ಅದೇ ದಿನ, ಅದೇ ಆಸ್ಪತ್ರೆಯಲ್ಲಿ, ನಿಮ್ಮ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.